ಬೀಜದಂಗಡಿಯ ವಕೀಲರ ನೋಟಿಸಿಗೆ ಹೆದರಬೇಕೆ?

ಪ್ರಶ್ನೆ: ಮುಂಗಾರಿನಲ್ಲಿ ತಂದ ಹತ್ತಿ ಬೀಜ ನಮ್ಮ ಹೊಲದಲ್ಲಿ ಅರ್ಧಕ್ಕರ್ಧ ಮೊಳೆಯಲಿಲ್ಲ. ಹೊಲದ ಫೋಟೊ ಮತ್ತು ಅಂಗಡಿಯ ಹೆಸರು ಹಾಕಿ, "ಇವರು ಮೋಸಗಾರರು, ಕಳಪೆ ಬೀಜ ಮಾರುವುದೇ ಇವರ ದಂಧೆ" ಎಂದು ಫೇಸ್‌ಬುಕ್‌ನಲ್ಲಿ ಬರೆದೆ. ಏಳು ದಿನದೊಳಗೆ ಕ್ಷಮೆ ಕೇಳದಿದ್ದರೆ ಹತ್ತು ಲಕ್ಷ ರೂಪಾಯಿಯ ಮಾನನಷ್ಟ ಮೊಕದ್ದಮೆ ಹೂಡುವುದಾಗಿ ಅವರ ವಕೀಲರಿಂದ ನೋಟಿಸ್ ಬಂದಿದೆ. ಊರಿನವರು ನನ್ನ ಬೆನ್ನಿಗಿದ್ದಾರೆ. ಏನು ಮಾಡಲಿ?
– ಓರ್ವ ರೈತ, ದೇವದುರ್ಗ ತಾಲ್ಲೂಕು

ಉತ್ತರ: ವಕೀಲರ ನೋಟಿಸ್ ನ್ಯಾಯಾಲಯದ ಆದೇಶವಲ್ಲ. ಆದರೂ ಅದನ್ನು ಕಡೆಗಣಿಸದೆ ವಕೀಲರೊಬ್ಬರ ಮೂಲಕ ಲಿಖಿತ ಉತ್ತರ ಕೊಡಿಸಿ. ಶುಲ್ಕ ಹೊಂದಿಸಲಾಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ, ಇಲ್ಲವೇ 15100ಕ್ಕೆ ಕರೆ ಮಾಡಿ; ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಂತೆ ಮಾನಹಾನಿಗೆ ಎರಡು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ ವಿಧಿಸಬಹುದು. ಆದರೆ ಹೇಳಿದ್ದು ಸತ್ಯವಾಗಿದ್ದು, ಅದನ್ನು ಪ್ರಕಟಿಸುವುದರಲ್ಲಿ ಸಾರ್ವಜನಿಕ ಹಿತವಿದ್ದರೆ ಅದು ಅಪರಾಧವಲ್ಲ. ಇದನ್ನು ರುಜುವಾತು ಮಾಡುವ ಹೊಣೆ ಮಾತ್ರ ಹೇಳಿದವರ ಮೇಲಿರುತ್ತದೆ. "ಈ ಬೀಜ ನನ್ನ ಹೊಲದಲ್ಲಿ ಮೊಳೆಯಲಿಲ್ಲ" ಎಂಬುದಕ್ಕೆ ಬಿಲ್ಲು, ಲಾಟ್ ಸಂಖ್ಯೆ ಇರುವ ಖಾಲಿ ಪೊಟ್ಟಣ, ತಾರೀಖಿರುವ ಫೋಟೊಗಳೇ ಸಾಕ್ಷಿಯಾಗುತ್ತವೆ. "ಮೋಸಗಾರರು", "ದಂಧೆ" ಎಂಬ ಮಾತುಗಳಿಗೆ ಅಂಥ ಆಧಾರ ನಿಮ್ಮ ಬಳಿ ಇಲ್ಲವಾದ್ದರಿಂದ, ಮೂಲ ಬರಹದ ಪ್ರತಿಯನ್ನು ಇಟ್ಟುಕೊಂಡು, ವಕೀಲರನ್ನು ಕೇಳಿ, ಆ ಎರಡು ಮಾತುಗಳನ್ನು ತೆಗೆಯಿರಿ. ನಡೆದ ಸಂಗತಿಯನ್ನು ಅಳಿಸಬೇಕಿಲ್ಲ. ಬೆಳೆ ಕಳೆದುಕೊಂಡ ರೈತ ನೋಟಿಸಿಗೆ ಅಂಜಿ ನಿಜವನ್ನೂ ನುಂಗಿಕೊಂಡರೆ ಮುಂದಿನ ಮುಂಗಾರಿನಲ್ಲಿ ಅದೇ ನಷ್ಟ ಇನ್ನೊಬ್ಬರ ಹೊಲಕ್ಕೆ ಬರುತ್ತದೆ.

ರೈತ ಸಂಪರ್ಕ ಕೇಂದ್ರಕ್ಕೆ ತಡಮಾಡದೆ ಲಿಖಿತ ದೂರು ಕೊಟ್ಟು, ಅಧಿಕಾರಿಗಳಿಂದ ಹೊಲದ ಪರಿಶೀಲನೆ ಮಾಡಿಸಿ. ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ಸಲ್ಲಿಸಿದ ದೂರಿಗೆ ಅದೇ ಕಲಮಿನ ಎಂಟನೇ ವಿನಾಯಿತಿಯ ರಕ್ಷಣೆಯಿದೆ.

ಊರಿನವರ ಬೆಂಬಲ ದೊಡ್ಡದು, ಆದರೆ ಅಂಗಡಿಯವರನ್ನು ಬೈದು ಬರೆದರೆ ಅವರೂ ಇದೇ ಮೊಕದ್ದಮೆಗೆ ಸಿಲುಕಬಹುದು. ಅದೇ ಬೀಜ ಬಿತ್ತಿದವರು ತಮ್ಮ ತಮ್ಮ ಬಿಲ್ಲು ಹಿಡಿದು ಪ್ರತ್ಯೇಕ ದೂರು ಕೊಡಲಿ, ಅಕ್ಕಪಕ್ಕದ ಹೊಲದವರು ಕಂಡದ್ದನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಬರೆದುಕೊಡಲಿ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟಪಡಿಸಿದೆ. ಎರಡು ವರ್ಷದೊಳಗೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ನೀವೇ ಪರಿಹಾರ ಕೇಳಬಹುದು.