ಸರ್ವರ್ ನಿಧಾನವಾಗಿದೆಯಾ? ಹೊಸ ಡಿಸ್ಕ್ ತರುವ ಮೊದಲು ಕ್ಯಾಶ್ ಬ್ಯಾಟರಿ ನೋಡಿ

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮದು ಐದು ವರ್ಷ ಹಳೆಯ ಸರ್ವರ್. 2 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್‌ಗಳು ರೇಡ್ 5ರಲ್ಲಿವೆ (ಹಲವು ಡಿಸ್ಕ್ ಒಂದಾಗಿ ಕೂಡಿಸಿ, ಒಂದು ಕೆಟ್ಟರೂ ಡೇಟಾ ಉಳಿಯುವಂತೆ ಮಾಡುವ ವ್ಯವಸ್ಥೆ), ಇನ್ನೂ ನಾಲ್ಕು ಸ್ಲಾಟ್ ಖಾಲಿ. ಕುಯ್ಲಿನ ಹೊತ್ತಲ್ಲಿ ತೂಕದ ಚೀಟಿ, ಬಿಲ್ಲು ಎಲ್ಲ ಒಟ್ಟಿಗೆ ಎಂಟ್ರಿ ಮಾಡುವಾಗ ಸೇವ್ ಒತ್ತಿದರೆ ಪರದೆ ನಿಂತುಬಿಡುತ್ತದೆ. ಹಳೆ ಫೈಲ್ ತೆಗೆಯಲು ಮಾತ್ರ ತೊಂದರೆ ಇಲ್ಲ. ಜಾಗವೂ ಮುಗಿಯುತ್ತಾ ಬಂದಿದೆ. ಇನ್ನೆರಡು ಡಿಸ್ಕ್ ಹಾಕಿದರೆ ಎರಡೂ ಸರಿಹೋಗುತ್ತಾ ಸರ್?

ಉತ್ತರ: ಜಾಗ ಸಿಗುತ್ತದೆ, ವೇಗ ಸಿಗುವುದು ಅನುಮಾನ. ಓದುವಾಗ ಸರಾಗ, ಬರೆಯುವಾಗ ಮಾತ್ರ ನಿಧಾನ ಅಂದಿದ್ದೀರಲ್ಲ, ಅದೇ ದೊಡ್ಡ ಸುಳಿವು. ನನಗೆ ಮೊದಲ ಅನುಮಾನ, ಈ ಡಿಸ್ಕುಗಳನ್ನು ನಡೆಸುವ ರೇಡ್ ಕಾರ್ಡಿನ ಕ್ಯಾಶ್ ಬ್ಯಾಟರಿ ಮೇಲೆ.

ಕಾರ್ಡಿನಲ್ಲಿ ಅದರದ್ದೇ ಮೆಮೊರಿ ಇರುತ್ತದೆ, ಅದೇ ಕ್ಯಾಶ್. ಗೋದಾಮಿನ ಬಾಗಿಲಲ್ಲೇ ಮೂಟೆ ಇಳಿಸಿಕೊಂಡು ರಸೀದಿ ಕೊಟ್ಟು, ಒಳಗೆ ಪೇರಿಸುವುದನ್ನು ಆಮೇಲೆ ಮಾಡಿದ ಹಾಗೆ, ಕಾರ್ಡ್ ಡೇಟಾವನ್ನು ಮೊದಲು ಈ ಮೆಮೊರಿಗೆ ತೆಗೆದುಕೊಂಡು ತಕ್ಷಣ 'ಆಯ್ತು' ಅನ್ನುತ್ತದೆ, ಡಿಸ್ಕಿಗೆ ನಿಧಾನವಾಗಿ ಬರೆಯುತ್ತದೆ. ಇದು ರೈಟ್ ಬ್ಯಾಕ್. ನಡುವೆ ಕರೆಂಟ್ ಹೋದರೆ ಆ ಡೇಟಾ ಕಾಯುವುದು ಬ್ಯಾಟರಿ. ಬ್ಯಾಟರಿ ಸತ್ತರೆ ಹೆಚ್ಚಿನ ಕಾರ್ಡುಗಳು ತಾವಾಗಿಯೇ ರೈಟ್ ಥ್ರೂಗೆ ಬದಲಾಗುತ್ತವೆ, ಅಂದರೆ ಡಿಸ್ಕಿಗೆ ಬರೆದು ಮುಗಿಯುವವರೆಗೂ 'ಆಯ್ತು' ಅನ್ನುವುದಿಲ್ಲ. ಲಾಗ್ ತೆಗೆದು ನೋಡದಿದ್ದರೆ ಇದು ಎಷ್ಟೋ ದಿನ ಯಾರ ಗಮನಕ್ಕೂ ಬರುವುದಿಲ್ಲ.

ರೇಡ್ 5ರಲ್ಲಿ ಇದರ ಪೆಟ್ಟು ಜಾಸ್ತಿ. ಒಂದು ಚಿಕ್ಕ ಎಂಟ್ರಿಗೆ ಹಳೆ ಡೇಟಾ ಓದಬೇಕು, ಹಳೆ ಪ್ಯಾರಿಟಿ (ಡಿಸ್ಕ್ ಕೆಟ್ಟರೆ ಡೇಟಾ ಮತ್ತೆ ಕಟ್ಟಲು ಇಟ್ಟ ಲೆಕ್ಕ) ಓದಬೇಕು, ಆಮೇಲೆ ಎರಡನ್ನೂ ಹೊಸದಾಗಿ ಬರೆಯಬೇಕು. ಒಟ್ಟು ನಾಲ್ಕು ಕೆಲಸ. 7200 ಆರ್‌ಪಿಎಂ ಡಿಸ್ಕ್ ಒಂದು ಸೆಕೆಂಡಿಗೆ ಇಂಥ ಚದುರಿದ ಕೆಲಸ ಸುಮಾರು 75ರಿಂದ 100 ಮಾಡುತ್ತದೆ ಅಷ್ಟೇ. ನಾಲ್ಕು ಡಿಸ್ಕ್ ಸೇರಿದರೂ ಪ್ರತಿ ಎಂಟ್ರಿಗೆ ನಾಲ್ಕು ಕೆಲಸ ಅಂದಮೇಲೆ, ಬರೆಯುವ ವೇಗ ಒಂದೇ ಡಿಸ್ಕಿನ ಲೆಕ್ಕಕ್ಕೆ ಬಂದು ನಿಂತಿತು, ಅಲ್ವಾ?

ಮೆಗಾರೇಡ್ ಕಾರ್ಡ್ ಆದರೆ ಸ್ಟೋರ್‌ಸಿಎಲ್‌ಐ, ಡೆಲ್ ಪರ್ಕ್ ಆದರೆ ಪರ್ಕ್‌ಸಿಎಲ್‌ಐ ಎಂಬ ಸಾಫ್ಟ್‌ವೇರ್ ಬಳಸಿ ಬ್ಯಾಟರಿ ಸ್ಥಿತಿ ನೋಡಿ. ಸೆಟ್ಟಿಂಗ್‌ನಲ್ಲಿ ರೈಟ್ ಬ್ಯಾಕ್ ಎಂದಿದ್ದರೂ ಈಗ ನಡೆಯುತ್ತಿರುವುದು ಬೇರೆ ಇರಬಹುದು, ಆದ್ದರಿಂದ ಈಗಿನ ಸ್ಥಿತಿಯನ್ನೇ ನೋಡಬೇಕು. ಬ್ಯಾಟರಿ ಕೆಟ್ಟಿದ್ದರೆ ಬದಲಾಯಿಸಿ. ಬ್ಯಾಟರಿ ಇಲ್ಲದೆಯೂ ರೈಟ್ ಬ್ಯಾಕ್ ಇಡುವ ಆಯ್ಕೆಯೊಂದು ಇರುತ್ತದೆ, ದಯವಿಟ್ಟು ಅದನ್ನು ಮುಟ್ಟಬೇಡಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೇಗೆ ಹೋಗುತ್ತದೆ ಅಂತ ನಿಮಗೇ ಗೊತ್ತು. ಯುಪಿಎಸ್ ಇದ್ದರೂ ಸರ್ವರಿನ ಒಳಗಿನ ಪವರ್ ಸಪ್ಲೈ ಕೈಕೊಟ್ಟರೆ ಅದು ಏನೂ ಮಾಡಲಾರದು.

ಆಮೇಲೂ ವೇಗ ಸಾಲದಿದ್ದರೆ ಖಾಲಿ ಇರುವ ನಾಲ್ಕರಲ್ಲಿ ಎರಡು ಸ್ಲಾಟಿಗೆ ಸರ್ವರ್ ದರ್ಜೆಯ ಎಸ್‌ಎಸ್‌ಡಿ ಹಾಕಿ, ರೇಡ್ 1 (ಎರಡರಲ್ಲೂ ಒಂದೇ ಡೇಟಾದ ಪ್ರತಿ) ಮಾಡಿ, ಡೇಟಾಬೇಸನ್ನು ಮಾತ್ರ ಅಲ್ಲಿಗೆ ಸಾಗಿಸಿ. ಸ್ಕ್ಯಾನ್ ಪ್ರತಿಗಳು, ಹಳೆ ಫೈಲುಗಳು ಹಾರ್ಡ್ ಡಿಸ್ಕಿನಲ್ಲೇ ಇರಲಿ. ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ.

ಉಳಿದ ಎರಡು ಸ್ಲಾಟ್ ಜಾಗಕ್ಕೆ. ಈಗ ನಿಮಗೆ 6 ಟಿಬಿ ಸಿಗುತ್ತಿದೆ. ಎರಡು ಡಿಸ್ಕ್ ಸೇರಿಸಿ ರೇಡ್ 5ರಲ್ಲೇ ಉಳಿದರೆ 10 ಟಿಬಿ, ರೇಡ್ 6 (ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಬಗೆ) ಮಾಡಿದರೆ 8 ಟಿಬಿ. ನಿಮ್ಮ ಡಿಸ್ಕುಗಳಿಗೆ ವಯಸ್ಸಾಗಿದೆ, ಒಂದು ಹೋಗಿ ರೀಬಿಲ್ಡ್ (ಬದಲಿ ಡಿಸ್ಕಿಗೆ ಡೇಟಾ ಮತ್ತೆ ತುಂಬುವ ಕೆಲಸ) ನಡೆಯುವಾಗ ಇನ್ನೊಂದೂ ಹೋದರೆ ರೇಡ್ 5 ಉಳಿಯುವುದಿಲ್ಲ, ಅದಕ್ಕೇ 2 ಟಿಬಿ ಬಿಟ್ಟುಕೊಟ್ಟು ರೇಡ್ 6 ಮಾಡಿ ಎನ್ನುತ್ತೇನೆ, ಬರೆಯುವುದು ಇನ್ನಷ್ಟು ನಿಧಾನವಾದರೂ ಪರವಾಗಿಲ್ಲ, ಡೇಟಾಬೇಸ್ ಹೇಗೂ ಅಲ್ಲಿರುವುದಿಲ್ಲ. 4 ಟಿಬಿ ಡಿಸ್ಕ್ ತಂದರೂ ಈ ಗುಂಪಿನಲ್ಲಿ ಅದು 2 ಟಿಬಿ ಅಂತಲೇ ಲೆಕ್ಕ. ಮನೆ ಕಂಪ್ಯೂಟರಿನ ಡಿಸ್ಕ್ ಬೇಡ. ಕೆಟ್ಟ ಸೆಕ್ಟರ್ ಸಿಕ್ಕಾಗ ಅದು ಬಹಳ ಹೊತ್ತು ತಡಕಾಡುತ್ತದೆ, ಕಾರ್ಡ್ ಅದನ್ನು ಸತ್ತಿದೆ ಅಂದುಕೊಂಡು ಹೊರಗೆ ಹಾಕಿಬಿಡುತ್ತದೆ.

ಡಿಸ್ಕ್ ಸೇರಿಸುವ ಕೆಲಸ ಸರ್ವರ್ ಓಡುತ್ತಿರುವಾಗಲೇ ಆಗುತ್ತದೆ, ನಿಮ್ಮ ಕಾರ್ಡ್ ಇದಕ್ಕೂ ರೇಡ್ 6ಕ್ಕೂ ಒಪ್ಪುತ್ತದಾ ಅಂತ ಮೊದಲು ನೋಡಿಕೊಳ್ಳಿ. ಆದರೆ ಅದು ದಿನಗಟ್ಟಲೆ ಹಿಡಿಯಬಹುದು, ಅಷ್ಟೂ ಹೊತ್ತು ವೇಗ ಕುಸಿದಿರುತ್ತದೆ. ಕುಯ್ಲು ಮುಗಿದ ಮೇಲೆ, ಪೂರ್ತಿ ಬ್ಯಾಕಪ್ ತೆಗೆದು, ಆ ಬ್ಯಾಕಪ್ ತೆರೆಯುತ್ತದೆ ಅಂತ ಪರೀಕ್ಷಿಸಿಯೇ ಶುರು ಮಾಡಿ. ಮುಗಿದ ಮೇಲೂ ವಿಂಡೋಸ್ ಹಳೆಯಷ್ಟೇ ಜಾಗ ತೋರಿಸಿದರೆ ಗಾಬರಿ ಬೇಡ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ವಾಲ್ಯೂಮ್ ಎಕ್ಸ್‌ಟೆಂಡ್ ಮಾಡಬೇಕು.

ಪ್ರಶ್ನೆ: ಹಾಸನದ ಬಿ.ಎಂ. ರಸ್ತೆಯಲ್ಲಿ ನಮ್ಮ ರಕ್ತ ಪರೀಕ್ಷೆಯ ಲ್ಯಾಬ್ ಇದೆ. ರೇಡ್ ಕಾರ್ಡೇ ಕೆಟ್ಟರೆ ಡೇಟಾ ಪೂರ್ತಿ ಹೋದಂತೆಯಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ರೇಡ್ ಹೇಗೆ ಕಟ್ಟಿದೆ ಎಂಬ ವಿವರ ಡಿಸ್ಕುಗಳಲ್ಲೂ ಬರೆದಿರುತ್ತದೆ. ಅದೇ ಕಂಪನಿಯ, ಅದೇ ಕುಟುಂಬದ ಕಾರ್ಡ್ ಹಾಕಿದರೆ 'ಫಾರಿನ್ ಕಾನ್ಫಿಗರೇಶನ್' ಸಿಕ್ಕಿದೆ ಎನ್ನುತ್ತದೆ. ಅಲ್ಲಿ ಇಂಪೋರ್ಟ್ ಒತ್ತಿ. ಕ್ಲಿಯರ್ ಆಗಲಿ, ಇನಿಶಿಯಲೈಸ್ ಆಗಲಿ ಒತ್ತಬೇಡಿ. ಕಾರ್ಡ್ ತೆಗೆಯುವ ಮೊದಲು ಯಾವ ಡಿಸ್ಕ್ ಯಾವ ಸ್ಲಾಟಿನಲ್ಲಿತ್ತು ಅಂತ ಚೀಟಿ ಅಂಟಿಸಿ, ಮೊಬೈಲಿನಲ್ಲಿ ಒಂದು ಫೋಟೋನೂ ತೆಗೆದಿಟ್ಟುಕೊಳ್ಳಿ.