ಬ್ಯಾಂಡ್‌ಸಾ ಬ್ಲೇಡ್ ಪದೇ ಪದೇ ಯಾಕೆ ತುಂಡಾಗುತ್ತೆ?

ಪ್ರಶ್ನೆ: ಮಿಸ್ತ್ರಿ ಕಾಕಾ, ಹೋದ ವರ್ಷ ಆನ್‌ಲೈನ್‌ನಲ್ಲಿ 9 ಇಂಚು ಚಕ್ರದ ಅಗ್ಗದ ಬ್ಯಾಂಡ್‌ಸಾ ತರಿಸಿದೆ, ಎರಡು ಚಕ್ರದ ಮೇಲೆ ಹಲ್ಲಿನ ಪಟ್ಟಿ ಸುತ್ತುತ್ತಾ ಮರ ಕೊಯ್ಯುವ ಮಿಷಿನ್ನು. ಮೊಮ್ಮಗಳಿಗೆ ಆಟಿಕೆ, ಮನೆಗೆ ಮಣೆ, ಸ್ಟೂಲು ಮಾಡುವ ಹುಚ್ಚು. ಜೊತೆಗೆ ಬಂದಿದ್ದ ಬ್ಲೇಡ್ ಮೊಂಡಾದ ಮೇಲೆ ನಮ್ಮೂರ ಸಾಮಿಲ್ಲಿನವರು ಅದೇ ಉದ್ದಕ್ಕೆ ಬೇರೆಯದನ್ನು ಬೆಸೆದುಕೊಟ್ಟರು. ಹದಿನೈದು ದಿನದಲ್ಲಿ ಎರಡು ತುಂಡಾದವು. ಬೆಸುಗೆ ಸರಿಯಿಲ್ಲವೋ, ಮಿಷಿನ್ನೇ ಕಳಪೆಯೋ?
— ಓದುಗರು, ಸಾಗರ

ಉತ್ತರ: ಮಿಷಿನ್ನನ್ನು ಬೈಯುವ ಮೊದಲು ತುಂಡಾದ ಜಾಗ ನೋಡಿ. ಬೆಸುಗೆಯಲ್ಲೇ ಬಿಟ್ಟಿದ್ದರೆ ಬೆಸುಗೆಯ ತಪ್ಪು. ಬೇರೆಲ್ಲೋ, ಎರಡು ಹಲ್ಲಿನ ನಡುವಿನ ಸಂದಿಯಿಂದ ಸೀಳಿದ್ದರೆ ಬ್ಲೇಡ್ ದಪ್ಪ ಜಾಸ್ತಿ ಅಂತ ನನ್ನ ಅನುಮಾನ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ, ಮಾಡುತ್ತಿದ್ದವನು. ನಮ್ಮ ಶಾಪಿನ ಬ್ಯಾಂಡ್‌ಸಾ ಚಕ್ರ 36 ಇಂಚು. ಅದಕ್ಕೆ 0.9 ಮಿಮೀ ದಪ್ಪದ ಬ್ಲೇಡ್ ಹಾಕಿದರೂ ಆರಾಮಾಗಿ ಓಡುತ್ತಿತ್ತು. ಚಕ್ರದ ಅಡ್ಡಳತೆಯಲ್ಲಿ ಸಾವಿರದ ಒಂದು ಪಾಲು, ಬ್ಲೇಡಿನ ದಪ್ಪಕ್ಕೆ ಹಳಬರ ಲೆಕ್ಕ ಇದು. ನಿಮ್ಮ 9 ಇಂಚಿಗೆ ಆ ಲೆಕ್ಕ ಹಾಕಿದರೆ 0.23 ಮಿಮೀ. ಅಷ್ಟು ತೆಳು ಬೇಡ. ಸಣ್ಣ ಮಿಷಿನ್ನಿಗೆ ಅಂತಲೇ 0.35 ಮಿಮೀ ಸುಮಾರಿನ ಬ್ಲೇಡ್ ಬರುತ್ತೆ, ಅದು ಸಾಕು. ಸಾಮಿಲ್ಲಿನವರ ಹತ್ತಿರ ಇರುವುದು ದಪ್ಪ ಪಟ್ಟಿ. ಅವರು ಉದ್ದ ನೋಡಿ ಕೊಟ್ಟಿದ್ದಾರೆ, ಪಾಪ, ದಪ್ಪ ನೀವೂ ಹೇಳಿರಲಿಕ್ಕಿಲ್ಲ.

ನಿಮ್ಮ ಮಿಷಿನ್ನಿನ ಬ್ಲೇಡ್ ಉದ್ದ ಒಂದೂವರೆ ಮೀಟರಿನ ಆಸುಪಾಸು. ಅದು ನಿಮಿಷಕ್ಕೆ ಸುಮಾರು 500 ಸುತ್ತು ಹೊಡೆಯುತ್ತೆ. ಸುತ್ತಿಗೆ ಎರಡು ಸಲ, ಮೇಲಿನ ಚಕ್ರದಲ್ಲಿ ಒಮ್ಮೆ, ಕೆಳಗಿನದರಲ್ಲಿ ಒಮ್ಮೆ ಬಾಗಬೇಕು. ಅಂದರೆ ನಿಮಿಷಕ್ಕೆ ಸಾವಿರ ಸಲ ಬಾಗಿ, ಮತ್ತೆ ಸಾವಿರ ಸಲ ನೆಟ್ಟಗಾಗಬೇಕು. ದಪ್ಪ ಪಟ್ಟಿ ಇದನ್ನು ಎಷ್ಟು ಹೊತ್ತು ತಡೆದೀತು?

ವರ್ನಿಯರ್ ಇದ್ದರೆ ದಪ್ಪ ಅಳೆಯಿರಿ, ಆದರೆ ಹಲ್ಲಿನ ಮೇಲೆ ಇಡಬೇಡಿ. ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಓರೆಯಾಗಿರುತ್ತವೆ, ಜಾಸ್ತಿ ತೋರಿಸುತ್ತೆ. ಬೆನ್ನಿನ ಕಡೆ ಹಿಡಿಯಿರಿ.

ಇನ್ನೊಂದು ಮಾತು. ಕೆಲಸ ಮುಗಿದ ಮೇಲೆ ಬ್ಲೇಡಿನ ಬಿಗಿ ಸಡಿಲ ಮಾಡುತ್ತೀರಾ? ರಾತ್ರಿಯಿಡೀ ಬಿಗಿದೇ ಬಿಟ್ಟರೆ ಬ್ಲೇಡಿಗೂ ಕಷ್ಟ, ಚಕ್ರದ ರಬ್ಬರ್ ಮೇಲೂ ತಗ್ಗು ಬೀಳುತ್ತೆ. ಮಾರನೆ ದಿನ ಬಿಗಿಯುವುದು ಮರೆತು ಸ್ವಿಚ್ ಒತ್ತಿದರೆ ಇನ್ನೊಂದು ಗೋಳು. ಅದಕ್ಕೇ ಸಡಿಲ ಮಾಡಿದ ತಕ್ಷಣ ನಾನು ಪ್ಲಗ್ಗಿಗೆ ಒಂದು ಕೆಂಪು ಚಿಂದಿ ಕಟ್ಟುತ್ತೇನೆ. ನನ್ನ ಹೆಂಡತಿಗೆ ಅದು ನೋಡಿದರೆ ನಗು.

ಪ್ರಶ್ನೆ: ಬ್ಯಾಂಡ್‌ಸಾ ಟೇಬಲ್ ಮೇಲಿನ ಫೆನ್ಸಿಗೆ (ಹಲಗೆ ನೇರ ಸಾಗಲು ಇರುವ ಆಸರೆ ಪಟ್ಟಿ) ಒತ್ತಿ ಹಿಡಿದರೂ ಹಲಗೆ ಗೆರೆ ಬಿಟ್ಟು ಓಡುತ್ತೆ. ಫೆನ್ಸ್ ಎಷ್ಟು ಸಲ ನೇರ ಮಾಡಿದರೂ ಅದೇ ಕಥೆ.
— ಓದುಗರು, ಹಾಸನ

ಉತ್ತರ: ಮೊದಲು ಬ್ಲೇಡ್ ಬದಲಾಯಿಸಿ ನೋಡಿ. ಒಂದು ಮೊಳೆ ತಾಗಿ ಒಂದು ಬದಿಯ ಹಲ್ಲು ಮೊಂಡಾದರೂ ಸಾಕು, ಚೂಪಾಗಿರುವ ಬದಿಗೆ ಬ್ಲೇಡ್ ಎಳೆದುಕೊಂಡು ಹೋಗುತ್ತೆ. ತೇಗ ಕೊಯ್ದಿದ್ದೀರಾ? ತೇಗದಲ್ಲಿ ಸಿಲಿಕಾ ಇರುತ್ತೆ, ಬೇಗ ಹಲ್ಲು ಸವೆಸುತ್ತೆ.

ಆಮೇಲೆ ಗೈಡ್, ಅಂದರೆ ಬ್ಲೇಡ್ ಅತ್ತಿತ್ತ ಹೊರಳದಂತೆ ತಡೆಯುವ ಆಸರೆ. ಬ್ಲೇಡಿಗೂ ಪಕ್ಕದ ಗೈಡಿಗೂ ನಡುವೆ ಒಂದು ಹತ್ತು ರೂಪಾಯಿ ನೋಟು ತೂರುವಷ್ಟೇ ಜಾಗ ಇರಲಿ. ಗೈಡ್ ಹಲ್ಲಿಗೆ ತಾಗಬಾರದು, ಹಲ್ಲಿನ ಬುಡಕ್ಕಿಂತ ಹಿಂದೆ ನಿಲ್ಲಬೇಕು. ಬ್ಲೇಡಿನ ಬೆನ್ನ ಹಿಂದಿರುವ ಬೇರಿಂಗ್ ಖಾಲಿ ಓಡುವಾಗ ತಿರುಗಕೂಡದು, ಮರ ಒತ್ತಿದಾಗ ಮಾತ್ರ ತಿರುಗಬೇಕು.

ಇಷ್ಟಾದರೂ ಓಡಿದರೆ ಹಲಗೆ ಮೇಲೆ ಅಂಚಿಗೆ ಸಮಾನಾಂತರವಾಗಿ ನೇರ ಗೆರೆ ಎಳೆದು, ಫೆನ್ಸ್ ತೆಗೆದಿಟ್ಟು ಬರಿಗೈಯಲ್ಲಿ ಅರ್ಧದವರೆಗೆ ಕೊಯ್ಯಿರಿ. ಹಲಗೆ ಅಲ್ಲಾಡಿಸದೆ ಮಿಷಿನ್ ನಿಲ್ಲಿಸಿ. ಹಲಗೆಯ ಅಂಚು ಯಾವ ಓರೆಯಲ್ಲಿದೆಯೋ ಟೇಬಲ್ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಫೆನ್ಸ್ ಆ ಗೆರೆಗೇ ಕೂಡಿಸಿ. ಕಣ್ಣಿಗೆ ಸೊಟ್ಟ ಕಂಡರೂ ಹಲಗೆ ನೆಟ್ಟಗೆ ಬರುತ್ತೆ.

ಪ್ರಶ್ನೆ: ಮೇಲಿನ ಚಕ್ರದ ರಬ್ಬರ್ ಟೈರು ಒಡೆದಿದೆ. ಸ್ಪೇರ್ ಸಿಗುತ್ತಿಲ್ಲ. ಸೈಕಲ್ ಟ್ಯೂಬ್ ಹಾಕಬಹುದಾ?
— ಓದುಗರು, ಹುಬ್ಬಳ್ಳಿ

ಉತ್ತರ: ಹಾಕಬಹುದು. ನಾನು ಹಾಕಿ ಕೆಟ್ಟು, ಮತ್ತೆ ಹಾಕಿದವನು. ಮೊದಲ ಸಲ ಪಟ್ಟಿ ಕತ್ತರಿಸಿ ಎರಡು ತುದಿ ಒಂದರ ಮೇಲೊಂದು ಇಟ್ಟು ಅಂಟಿಸಿದೆ. ಸ್ವಿಚ್ ಹಾಕಿದರೆ ದಡದಡ, ಎತ್ತಿನ ಗಾಡಿ ಕಲ್ಲು ಹತ್ತಿದ ಹಾಗೆ! ಜೋಡಿಸಿದ ಕಡೆ ದಪ್ಪ ಎರಡು ಪಾಲು ಆಗಿತ್ತು.

ನಮ್ಮ ಓಣಿಯ ಪಂಕ್ಚರ್ ಅಂಗಡಿ ಹುಡುಗ ಸರಿ ಮಾಡಿದ. ಎರಡೂ ತುದಿಯನ್ನು ಓರೆಯಾಗಿ ಕತ್ತರಿಸಿ, ಅರದಿಂದ ತೆಳ್ಳಗೆ ಉಜ್ಜಿ, ಸೊಲ್ಯೂಶನ್ ಹಚ್ಚಿದ. ಒಣಗಿದ ಮೇಲೆ ಬೆರಳಾಡಿಸಿದರೆ ಜೋಡಣೆ ಗೊತ್ತೇ ಆಗಲಿಲ್ಲ. ಚಕ್ರದ ಹಳೆ ಅಂಟನ್ನು ಪೂರ್ತಿ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಅದೇ ಉಬ್ಬಾಗಿ ಏಳುತ್ತೆ. ಚಕ್ರದ ನಡುಭಾಗ ಸ್ವಲ್ಪ ಉಬ್ಬಿದೆಯಲ್ಲ, ಬ್ಲೇಡ್ ಜಾರದೆ ನಿಲ್ಲುವುದು ಅದರಿಂದಲೇ. ಅದನ್ನು ಉಜ್ಜಿ ಚಪ್ಪಟೆ ಮಾಡಬೇಡಿ. ಮೊದಲ ಓಟ ಪ್ಲಗ್ ಕಿತ್ತು, ಕೈಯಲ್ಲಿ ಚಕ್ರ ತಿರುಗಿಸಿಯೇ ನೋಡಿ. ಅಂಟು ಒಣಗಲು ಒಂದು ರಾತ್ರಿ ಬಿಡಿ, ಮಳೆಗಾಲವಾದರೆ ಎರಡು.