ಓದುಗರ ಪ್ರಶ್ನೆ, ನಮ್ಮ ಉತ್ತರ: ಪ್ರೈಮರಿಯಲ್ಲಿ ಕೈಕೊಡುವವರು ಯಾರು?

ಅಮೆರಿಕದ ಅಧ್ಯಕ್ಷೀಯ ಪ್ರೈಮರಿಗಳ (ಪ್ರತಿ ಪಕ್ಷವೂ ತನ್ನ ಅಭ್ಯರ್ಥಿಯನ್ನು ಆರಿಸಲು ರಾಜ್ಯ ರಾಜ್ಯದಲ್ಲಿ ನಡೆಯುವ ಮತದಾನದ) ಬಗ್ಗೆ ಅಲ್ಲಿ ನೆಲೆಸಿರುವ ಓದುಗರು ಬರೆದ ಪತ್ರಗಳನ್ನು ಈ ಸಲ ಒಟ್ಟಿಗೇ ತೆಗೆದುಕೊಂಡಿದ್ದೇವೆ. ಹೆಚ್ಚುಕಡಿಮೆ ಎಲ್ಲರ ಸಿಟ್ಟೂ ಅಭ್ಯರ್ಥಿಗಳ ಮೇಲೆ. ಆದರೆ ಒಂದೊಂದೇ ಬಿಡಿಸಿ ಓದಿದರೆ, ಅರ್ಧದಷ್ಟು ಪತ್ರಗಳಲ್ಲಿ ಕೈಕೊಟ್ಟಿರುವುದು ಅಭ್ಯರ್ಥಿಯಲ್ಲ, ಕ್ಯಾಲೆಂಡರು.

ಪ್ರಶ್ನೆ: ಅಂಚೆಯಲ್ಲಿ ಬಂದ ಮತಪತ್ರವನ್ನು ಅವತ್ತೇ ತುಂಬಿ ಕಳಿಸಿಬಿಟ್ಟೆ. ಮತದಾನಕ್ಕೆ ಎರಡು ದಿನ ಇದೆ ಎನ್ನುವಾಗ ನಾನು ಮತ ಕೊಟ್ಟವರೇ ಕಣ ಬಿಟ್ಟು ಹೋದರು. ಆ ಮತ ಏನಾಗುತ್ತದೆ? ವಾಪಸ್ ಪಡೆಯಬಹುದೇ?

ಎಣಿಕೆಯಂತೂ ಆಗುತ್ತದೆ. ಅಚ್ಚಾದ ಮತಪತ್ರದಿಂದ ಹೆಸರು ಅಳಿಸಲು ಬರುವುದಿಲ್ಲವಲ್ಲ, ಫಲಿತಾಂಶದ ಪಟ್ಟಿಯಲ್ಲೂ ಅವರ ಹೆಸರಿನ ಮುಂದೆ ನಿಮ್ಮ ಮತ ಕೂತಿರುತ್ತದೆ. ಉಪಯೋಗಕ್ಕೆ ಬರುವುದು ಮಾತ್ರ ಅಪರೂಪ.

2020ರಲ್ಲಿ ಡೆಮಾಕ್ರಟಿಕ್ ಪಕ್ಷದ ಲಕ್ಷಾಂತರ ಮತದಾರರಿಗೆ ಹೀಗೇ ಆಯಿತು. ಮಾರ್ಚ್ 3 ‘ಸೂಪರ್ ಟ್ಯೂಸ್‌ಡೇ’, ಒಂದೇ ದಿನ 14 ರಾಜ್ಯಗಳಲ್ಲಿ ಮತದಾನ. ಪೀಟ್ ಬುಟಿಜಜ್ ಮಾರ್ಚ್ 1ರ ರಾತ್ರಿ ಹಿಂದೆ ಸರಿದರು, ಏಮಿ ಕ್ಲೋಬುಚರ್ ಮರುದಿನ. ಅಷ್ಟರಲ್ಲಿ ಕ್ಯಾಲಿಫೋರ್ನಿಯಾ, ಕೊಲರಾಡೊ, ಸ್ವತಃ ಕ್ಲೋಬುಚರ್ ಅವರ ಮಿನ್ನೆಸೋಟಾದಲ್ಲೂ ರಾಶಿ ರಾಶಿ ಲಕೋಟೆಗಳು ಕಚೇರಿ ಸೇರಿಯಾಗಿತ್ತು.

ವಾಪಸ್ ಪಡೆಯುವ ಅವಕಾಶ ಕೆಲವೇ ರಾಜ್ಯಗಳಲ್ಲಿದೆ, ಅದಕ್ಕೂ ಗಡುವಿದೆ. 2020ರ ಮಾರ್ಚ್ 10ರ ಮಿಷಿಗನ್ ಪ್ರೈಮರಿಗೆ ಮೊದಲು ಮೈಕೆಲ್ ಬ್ಲೂಮ್‌ಬರ್ಗ್, ಎಲಿಜಬೆತ್ ವಾರನ್ ಎಂಬ ಇನ್ನಿಬ್ಬರು ಡೆಮಾಕ್ರಟಿಕ್ ಅಭ್ಯರ್ಥಿಗಳೂ ಕಣ ಬಿಟ್ಟರು. ಅಲ್ಲಿ ಮೊದಲೇ ಮತ ಕಳಿಸಿದ್ದವರು ಊರಿನ ಕ್ಲರ್ಕ್ ಕಚೇರಿಗೆ ಸಹಿ ಮಾಡಿದ ಬರಹದ ಮನವಿ ಕೊಟ್ಟು, ಹಳೆಯದನ್ನು ರದ್ದು ಮಾಡಿಸಿ ಹೊಸ ಮತಪತ್ರ ಪಡೆಯಬಹುದಿತ್ತು. ಎಲ್ಲೇ ಆದರೂ ಹೊರ ಲಕೋಟೆ ಒಡೆದು ಮತಪತ್ರವನ್ನು ಬೇರೆ ಮಾಡಿದ ಮೇಲೆ ಕಥೆ ಮುಗಿಯಿತು. ಅದು ಯಾರದೆಂದು ಗುರುತಿಸುವ ದಾರಿಯೇ ಇರುವುದಿಲ್ಲ, ಇರಲೂಬಾರದು.

ಹಾಗಾಗಿ ಕಣದಲ್ಲಿ ನಾಲ್ಕೈದು ಮಂದಿ ಗಟ್ಟಿಗರಿದ್ದರೆ ಮತಪತ್ರ ಬಂದ ದಿನವೇ ಕಳಿಸಬೇಡಿ. ತುಂಬದೆ ಇಟ್ಟುಕೊಳ್ಳಿ. ಹಿಂದೆ ಸರಿಯುವವರು ಸಾಮಾನ್ಯವಾಗಿ ಮೊದಮೊದಲು ಮತ ಹಾಕುವ ಅಯೋವಾ, ನ್ಯೂ ಹ್ಯಾಂಪ್‌ಶೈರ್, ಸೌತ್ ಕ್ಯಾರೊಲಿನಾ ಫಲಿತಾಂಶ ಬಂದ ಒಂದೆರಡು ದಿನದಲ್ಲೇ ಸರಿಯುತ್ತಾರೆ. ನಿಮ್ಮ ರಾಜ್ಯದ ದಿನಕ್ಕೆ ಹತ್ತಿರದ ಅಂಥ ಫಲಿತಾಂಶ ಯಾವುದೆಂದು ನೋಡಿ, ಅದು ಹೊರಬಿದ್ದ ಮೇಲೆ ತುಂಬಿ. ಕೊನೆಯ ವಾರದಲ್ಲಿ ಅಂಚೆ ನಂಬುವುದಕ್ಕಿಂತ, ಡ್ರಾಪ್ ಬಾಕ್ಸ್ (ಚುನಾವಣಾ ಕಚೇರಿಯವರು ಮತಪತ್ರಕ್ಕೆಂದೇ ಇಟ್ಟ ಪೆಟ್ಟಿಗೆ) ಇರುವ ಕಡೆ ಅದಕ್ಕೇ ಹಾಕುವುದು ಮೇಲು. ಮತಪತ್ರ ಗಡುವಿನೊಳಗೆ ಕಚೇರಿ ತಲುಪಿರಲೇಬೇಕೇ, ಅಂಚೆ ಮುದ್ರೆ ಬಿದ್ದಿದ್ದರೆ ಸಾಕೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಲಕೋಟೆಯ ಜೊತೆ ಬರುವ ಸೂಚನೆಯ ಹಾಳೆಯಲ್ಲಿ ಇದು ಇರುತ್ತದೆ. ಆ ಹಾಳೆಯನ್ನೇ ಎಲ್ಲರೂ ಮೊದಲು ಬಿಸಾಡುವುದು!

ಇನ್ನೊಂದು ಮಾತು: ಅಭ್ಯರ್ಥಿಗಳು ‘ಹಿಂದೆ ಸರಿದೆ’ ಎನ್ನುವುದಿಲ್ಲ, ‘ಪ್ರಚಾರ ಸ್ಥಗಿತಗೊಳಿಸಿದ್ದೇನೆ’ ಎನ್ನುತ್ತಾರೆ. ಸಾಲ ತೀರಿಸಲು ದೇಣಿಗೆ ಎತ್ತುವುದಕ್ಕೂ, ಗಳಿಸಿದ ಡೆಲಿಗೇಟ್‌ಗಳನ್ನು (ಪಕ್ಷದ ರಾಷ್ಟ್ರೀಯ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳನ್ನು) ಕೈಬಿಡದಿರುವುದಕ್ಕೂ ಆ ಪದ ಅನುಕೂಲ.

2020ರಲ್ಲಿ ಅಲಾಸ್ಕಾ, ಹವಾಯಿ, ಕ್ಯಾನ್ಸಸ್, ವಯೋಮಿಂಗ್‌ನ ಡೆಮಾಕ್ರಟರು ಈ ರೋಗಕ್ಕೆ ಮದ್ದು ಕಂಡುಕೊಂಡರು. ಮತದಾರ 1, 2, 3 ಎಂದು ಕ್ರಮ ಕೊಡುತ್ತಾನೆ. ಮೊದಲನೆಯವರು ಪಟ್ಟಿಯಿಂದ ಬಿದ್ದರೆ ಮತ ಎರಡನೆಯವರಿಗೆ ಹೋಗುತ್ತದೆ. ಅಂಚೆ ಮತ ಹೆಚ್ಚಿರುವ ರಾಜ್ಯಗಳೆಲ್ಲ ಇದನ್ನು ಯಾಕೆ ತರುವುದಿಲ್ಲ ಎಂಬುದು ನಮಗೂ ಒಗಟು.

ಪ್ರಶ್ನೆ: ನಮ್ಮ ಅಭ್ಯರ್ಥಿಗೆ ನೂರಕ್ಕೆ 14 ಮತ ಬಂದರೂ ಒಬ್ಬ ಡೆಲಿಗೇಟ್ ಕೂಡ ಸಿಗಲಿಲ್ಲ. ಇದು ಮೋಸವಲ್ಲವೇ?

ಮೋಸವಲ್ಲ, ಹೊಸ್ತಿಲು. ಡೆಮಾಕ್ರಟಿಕ್ ಪಕ್ಷದಲ್ಲಿ ಶೇ. 15 ದಾಟದವರಿಗೆ ಡೆಲಿಗೇಟ್ ಇಲ್ಲ. ಇಡೀ ರಾಜ್ಯಕ್ಕೊಂದು ಲೆಕ್ಕ, ಪ್ರತಿ ಕಾಂಗ್ರೆಸ್ (ಅಲ್ಲಿನ ಸಂಸತ್ತಿನ) ಕ್ಷೇತ್ರಕ್ಕೆ ಬೇರೆ ಲೆಕ್ಕ.

ಒಂದು ಕ್ಷೇತ್ರದಲ್ಲಿ 6 ಡೆಲಿಗೇಟ್‌ಗಳಿದ್ದಾರೆ, ಐವರು ಅಭ್ಯರ್ಥಿಗಳಿಗೆ ಶೇ. 40, 30, 14, 14, 2 ಮತ ಬಂದಿವೆ ಎಂದಿಟ್ಟುಕೊಳ್ಳಿ. ಕೆಳಗಿನ ಮೂವರು ಲೆಕ್ಕದಿಂದಲೇ ಹೊರಗೆ. ಉಳಿದ 70ನ್ನು ಇಡೀ ಎಂದು ಹಿಡಿದು 6ನ್ನು ಹಂಚುತ್ತಾರೆ. ಮೊದಲನೆಯವರಿಗೆ 3.43, ಎರಡನೆಯವರಿಗೆ 2.57. ಪೂರ್ಣಾಂಕ 3 ಮತ್ತು 2, ಮಿಕ್ಕ ಒಂದು ದೊಡ್ಡ ಶೇಷ ಇರುವವರಿಗೆ. ಕೊನೆಗೆ 3–3. ಹತ್ತು ಅಂಕ ಮುಂದಿದ್ದವರಿಗೂ ಹಿಂದಿದ್ದವರಿಗೂ ಸಮ, ನೂರರಲ್ಲಿ 30 ಮಂದಿಯ ಮತಕ್ಕೆ ಸೊನ್ನೆ. ಡೆಲಿಗೇಟ್‌ಗಳ ಸಂಖ್ಯೆ 4, 6ರಂತೆ ಸಮಸಂಖ್ಯೆಯಾಗಿರುವ ಕ್ಷೇತ್ರಗಳಲ್ಲಿ ಇದು ಪದೇ ಪದೇ ಆಗುತ್ತದೆ.

ರಿಪಬ್ಲಿಕನ್ನರಲ್ಲಿ ನಿಯಮ ರಾಜ್ಯಕ್ಕೊಂದು. 2016ರಲ್ಲಿ ಸೌತ್ ಕ್ಯಾರೊಲಿನಾದ ಮತಗಳಲ್ಲಿ ಮೂರನೇ ಒಂದು ಪಾಲಿಗೂ ತುಸು ಕಡಿಮೆ ಪಡೆದ ಟ್ರಂಪ್ ಅಲ್ಲಿನ 50 ಡೆಲಿಗೇಟ್‌ಗಳನ್ನೂ ಬಾಚಿಕೊಂಡರು. ಅದಕ್ಕೆ ಹೋಲಿಸಿದರೆ ನಿಮ್ಮ 14 ಪರವಾಗಿಲ್ಲ.

ಪ್ರಶ್ನೆ: ನ್ಯೂಯಾರ್ಕ್‌ನಲ್ಲಿ ಮತಗಟ್ಟೆಗೆ ಹೋದರೆ ‘ನಿಮಗೆ ಪ್ರೈಮರಿಯಲ್ಲಿ ಮತವಿಲ್ಲ’ ಎಂದರು. ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇದೆ!

ಹೆಸರು ಇದೆ, ಪಕ್ಷದ ಕಲಂ ಖಾಲಿ ಇದೆ. ನ್ಯೂಯಾರ್ಕ್‌ನದು ಮುಚ್ಚಿದ ಪ್ರೈಮರಿ: ಆಯಾ ಪಕ್ಷಕ್ಕೆ ನೋಂದಾಯಿಸಿಕೊಂಡವರಿಗೆ ಮಾತ್ರ. ಈಗಾಗಲೇ ನೋಂದಾಯಿತ ಮತದಾರರು ಪಕ್ಷ ಬದಲಿಸುವುದಿದ್ದರೆ ಅರ್ಜಿ ಫೆಬ್ರವರಿ 14ರೊಳಗೆ ತಲುಪಬೇಕು, ತಡವಾದರೆ ಬದಲಾವಣೆ ಜಾರಿಗೆ ಬರುವುದು ಜೂನ್ ಪ್ರೈಮರಿ ಮುಗಿದ ಮೇಲೆ. ಮೊದಲು ಇದು ಇನ್ನೂ ಕಠಿಣವಿತ್ತು. 2016ರ ಏಪ್ರಿಲ್ ಪ್ರೈಮರಿಗೆ ಪಕ್ಷ ಬದಲಿಸುವ ಗಡುವು ಹಿಂದಿನ ವರ್ಷದ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಆ ಸಲ ಗಡುವು ತಪ್ಪಿಸಿಕೊಂಡು, ತಂದೆಗೇ ಮತ ಹಾಕಲಾಗದೆ ಉಳಿದವರಲ್ಲಿ ಇವಾಂಕಾ ಮತ್ತು ಎರಿಕ್ ಟ್ರಂಪ್ ಸೇರಿದ್ದರು.

ಮತಗಟ್ಟೆಯಲ್ಲಿ ಕೊಡುವ ಅಫಿಡವಿಟ್ ಮತಪತ್ರದಿಂದ (ನನಗೆ ಮತದ ಹಕ್ಕಿದೆ ಎಂದು ಪ್ರಮಾಣ ಮಾಡಿ ಹಾಕುವುದು) ಇದು ಸರಿಹೋಗುವುದಿಲ್ಲ. ಕಚೇರಿಯ ದಾಖಲೆಯಲ್ಲಿ ನಿಮ್ಮ ಪಕ್ಷ ಸರಿಯಾಗಿದ್ದು, ಮತಗಟ್ಟೆಯ ಪಟ್ಟಿಯಲ್ಲಿ ತಪ್ಪಿದ್ದರೆ ಮಾತ್ರ ಅದು ಎಣಿಕೆಗೆ ಬರುತ್ತದೆ.

ಕ್ಯಾಲಿಫೋರ್ನಿಯಾದ ಬಲೆ ಇನ್ನೂ ಚೆಂದ. ‘ಯಾವ ಪಕ್ಷಕ್ಕೂ ಸೇರದವನು’ ಎಂಬ ಅರ್ಥದಲ್ಲಿ ಅನೇಕರು ಅರ್ಜಿಯಲ್ಲಿ ‘ಅಮೆರಿಕನ್ ಇಂಡಿಪೆಂಡೆಂಟ್’ ಎಂದು ಗುರುತು ಹಾಕುತ್ತಾರೆ. ಅದೊಂದು ಪಕ್ಷ, 1960ರ ದಶಕದ ಕಟ್ಟಾ ಬಲಪಂಥೀಯ ಪಕ್ಷ! ಬೇಕಾದದ್ದು ‘ನೋ ಪಾರ್ಟಿ ಪ್ರಿಫರೆನ್ಸ್’ ಎಂಬ ಸಾಲು. ಅದನ್ನು ಆರಿಸಿದರೂ ಅಧ್ಯಕ್ಷ ಹುದ್ದೆಯ ಪ್ರೈಮರಿಗೆ ಡೆಮಾಕ್ರಟಿಕ್ ಮತಪತ್ರ ಬೇಕೆಂದು ಪ್ರತ್ಯೇಕವಾಗಿ ಕೇಳಬೇಕು. ಕೇಳದಿದ್ದರೆ ಅಂಚೆಯಲ್ಲಿ ಬರುವ ಹಾಳೆಯಲ್ಲಿ ಅಧ್ಯಕ್ಷರ ಕಾಲಮ್ಮೇ ಇರುವುದಿಲ್ಲ. ರಿಪಬ್ಲಿಕನ್ ಮತಪತ್ರ ಆ ಪಕ್ಷಕ್ಕೆ ನೋಂದಾಯಿಸಿಕೊಂಡವರಿಗಷ್ಟೇ.

ಟೆಕ್ಸಸ್, ವರ್ಜೀನಿಯಾ, ಮಿಷಿಗನ್‌ನಲ್ಲಿ ಪಕ್ಷದ ನೋಂದಣಿಯೇ ಇಲ್ಲ, ಯಾವ ಮತಪತ್ರ ಬೇಕೆಂದು ಅಲ್ಲೇ ಹೇಳಬಹುದು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಪಕ್ಷ ಘೋಷಿಸದವರು ಅಂದೇ ಒಂದು ಪಕ್ಷ ಆರಿಸಿ, ಮತ ಹಾಕಿ, ಹೊರಡುವ ಮುನ್ನ ಒಂದು ಕಾರ್ಡ್ ತುಂಬಿ ಮತ್ತೆ ಮೊದಲಿನಂತಾಗಬಹುದು. ನೀವು ರಾಜ್ಯ ಬದಲಿಸಿದ್ದರೆ ಹಳೆಯ ಊರಿನ ಅಭ್ಯಾಸವನ್ನು ಹೊಸ ಊರಿನಲ್ಲಿ ನಂಬಬೇಡಿ. ನವೆಂಬರ್, ಡಿಸೆಂಬರ್‌ನಲ್ಲೇ ರಾಜ್ಯದ ಚುನಾವಣಾ ಜಾಲತಾಣದಲ್ಲಿ ನಿಮ್ಮ ಹೆಸರು ಹುಡುಕಿ, ವಿಳಾಸದ ಕೆಳಗೆ ಪಕ್ಷದ ಜಾಗದಲ್ಲಿ ಏನಿದೆ ಎಂದು ಕಣ್ಣಾರೆ ನೋಡಿ.

ಪ್ರಶ್ನೆ: ಗ್ರೀನ್ ಕಾರ್ಡ್ ಇದೆ. ಪ್ರೈಮರಿಯಲ್ಲಾದರೂ ಮತ ಹಾಕಬಹುದೇ? ದೇಣಿಗೆ?

ಮತ ಇಲ್ಲ. ಅದು ಅಪರಾಧ, ಪೌರತ್ವದ ಅರ್ಜಿಗೂ ಮುಳುವಾಗುತ್ತದೆ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ‘ಮತದಾರರಾಗಿ ನೋಂದಾಯಿಸಲೇ?’ ಎಂದು ಕೇಳಿದರೆ ಮರೆಯದೆ ಬೇಡ ಎನ್ನಿ. ದೇಣಿಗೆ ಕೊಡಬಹುದು. ಎಚ್-1ಬಿ ವೀಸಾದವರು ದೇಣಿಗೆಯನ್ನೂ ಕೊಡುವಂತಿಲ್ಲ.

ಪ್ರಶ್ನೆ: ಯಾರೂ ಹಿಡಿಸಲಿಲ್ಲ. ನಮ್ಮ ‘ನೋಟಾ’ದಂಥದ್ದು ಅಲ್ಲಿಲ್ಲವೇ?

ನೆವಾಡದಲ್ಲಿದೆ, ಅದೂ 1970ರ ದಶಕದಿಂದ. ‘ಈ ಅಭ್ಯರ್ಥಿಗಳಲ್ಲಿ ಯಾರೂ ಅಲ್ಲ’ ಎಂಬ ಸಾಲು ರಾಜ್ಯಮಟ್ಟದ ಹುದ್ದೆಗಳ ಮತಪತ್ರದಲ್ಲೇ ಅಚ್ಚಾಗಿರುತ್ತದೆ. 2024ರ ಫೆಬ್ರವರಿ 6ರಂದು ಅಲ್ಲಿನ ರಿಪಬ್ಲಿಕನ್ ಪ್ರೈಮರಿಯಲ್ಲಿ ನಿಕ್ಕಿ ಹೇಲಿ ಸುಮಾರು ಶೇ. 30 ಪಡೆದರೆ, ‘ಯಾರೂ ಅಲ್ಲ’ ಶೇ. 63ರಷ್ಟು ಪಡೆಯಿತು. ಅದು ಬರೀ ಬೇಸರದ ಮತವಲ್ಲ. ಟ್ರಂಪ್ ಹೆಸರು ಆ ಮತಪತ್ರದಲ್ಲಿ ಇರಲೇ ಇಲ್ಲ. ಪಕ್ಷ ಎರಡು ದಿನದ ಬಳಿಕ ತನ್ನದೇ ಕಾಕಸ್ (ಪಕ್ಷವೇ ಸಭೆ ಸೇರಿಸಿ ನಡೆಸುವ ಮತದಾನ) ನಡೆಸಿ, ಡೆಲಿಗೇಟ್‌ಗಳನ್ನು ಅದಕ್ಕೇ ಮೀಸಲಿಟ್ಟಿತ್ತು. ಟ್ರಂಪ್ ಬೆಂಬಲಿಗರು ಮೊದಲು ಇಲ್ಲಿ ಹೇಲಿ ಅವರನ್ನು ಸೋಲಿಸಿ, ನಂತರ ಅಲ್ಲಿ ಟ್ರಂಪ್‌ರನ್ನು ಗೆಲ್ಲಿಸಿದರು. ಕಾನೂನಿನ ಪ್ರಕಾರ ‘ಯಾರೂ ಅಲ್ಲ’ ಮೊದಲು ಬಂದರೂ ಗೆದ್ದವರು ಹೆಸರಿರುವ ಅಭ್ಯರ್ಥಿಯೇ. ನಮ್ಮ ನೋಟಾದ ಹಲ್ಲೂ ಇಷ್ಟೇ ತಾನೇ.

ಹಲ್ಲಿರುವುದು ‘ಅನ್‌ಕಮಿಟೆಡ್’ (ಯಾವ ಅಭ್ಯರ್ಥಿಗೂ ಬದ್ಧನಲ್ಲ) ಎಂಬ ಸಾಲಿಗೆ. 2024ರ ಫೆಬ್ರವರಿ 27ರ ಮಿಷಿಗನ್ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಗಾಜಾ ವಿಚಾರದಲ್ಲಿ ಬೈಡನ್ ಮೇಲೆ ಸಿಟ್ಟಾದ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ಒತ್ತಿದರು. ರಾಜ್ಯದ ಲೆಕ್ಕದಲ್ಲಿ ಶೇ. 13, ಹೊಸ್ತಿಲಿಗೆ ಕಡಿಮೆ. ಆದರೆ ಕ್ಷೇತ್ರದ ಲೆಕ್ಕದಲ್ಲಿ 15 ದಾಟಿದ ಕಡೆ ಎರಡು ಡೆಲಿಗೇಟ್ ಸಿಕ್ಕರು, ಮಿನ್ನೆಸೋಟಾದಲ್ಲಿ 11. ಅವರು ಡೆಲಿಗೇಟ್‌ಗಳಾಗಿಯೇ ಪಕ್ಷದ ಷಿಕಾಗೊ ಸಮಾವೇಶಕ್ಕೆ ಹೋಗಿ ದನಿ ಎತ್ತಿದರು. ಮನೆಯಲ್ಲೇ ಉಳಿದವರ ಸಿಟ್ಟು ಯಾವ ಪಟ್ಟಿಯಲ್ಲೂ ದಾಖಲಾಗುವುದಿಲ್ಲ, ಖಾಲಿ ಬಿಟ್ಟ ಮತಪತ್ರವೂ ಹಾಗೇ. ಈ ಸಾಲು ನಿಮ್ಮ ರಾಜ್ಯದಲ್ಲಿದೆಯೇ ಎಂದು ಮಾದರಿ ಮತಪತ್ರದಲ್ಲಿ ನೋಡಿಕೊಳ್ಳಿ, ಎಲ್ಲ ಕಡೆ ಇಲ್ಲ.

ಪ್ರಶ್ನೆ: ಚರ್ಚೆಯ ವೇದಿಕೆಯಲ್ಲಿ ಹತ್ತು ಜನ, ಒಬ್ಬೊಬ್ಬರಿಗೆ ಒಂದೇ ನಿಮಿಷ. ಇಷ್ಟು ಜನರನ್ನು ಆರಿಸುವವರು ಯಾರು?

ಪಕ್ಷದ ರಾಷ್ಟ್ರೀಯ ಸಮಿತಿ, ಸಮೀಕ್ಷೆಯ ಅಂಕ ಮತ್ತು ದಾನಿಗಳ ತಲೆ ಎಣಿಸಿ. 2019ರ ಜೂನ್‌ನಲ್ಲಿ ಡೆಮಾಕ್ರಟರು ಮೂರು ಸಮೀಕ್ಷೆಗಳಲ್ಲಿ ಶೇ. 1 ಅಥವಾ 65,000 ದಾನಿಗಳು ಎಂದರು. 20 ಮಂದಿ ದಾಟಿದರು, ಮಯಾಮಿಯಲ್ಲಿ ಎರಡು ರಾತ್ರಿ ಹತ್ತು ಹತ್ತು ಜನ ನಿಂತರು. 2023ರ ಆಗಸ್ಟ್‌ನ ಮೊದಲ ಚರ್ಚೆಗೆ ರಿಪಬ್ಲಿಕನ್ನರು ಸಮೀಕ್ಷೆಯ ಜೊತೆಗೆ 40,000 ದಾನಿಗಳನ್ನೂ ಕೇಳಿದರು. ಆಗ ನಾರ್ತ್ ಡಕೋಟಾದ ಗವರ್ನರ್ ಡಗ್ ಬರ್ಗಮ್ ಒಂದು ಡಾಲರ್ ಕೊಟ್ಟವರಿಗೆ 20 ಡಾಲರ್‌ನ ಗಿಫ್ಟ್ ಕಾರ್ಡ್ ಹಂಚಿ ವೇದಿಕೆ ಹತ್ತಿದರು! ಎಲ್ಲರಿಗಿಂತ ಮುಂದಿದ್ದ ಟ್ರಂಪ್ ಬರಲೇ ಇಲ್ಲ. ದಾನಿಗಳ ತಲೆ ಎಣಿಸಿದರೆ ಸಿಗುವುದು ದಾನಿಗಳ ತಲೆಯೇ, ಜನಪ್ರಿಯತೆಯಲ್ಲ.

ಪ್ರಶ್ನೆ: 2024ರಲ್ಲಿ ಬೈಡನ್‌ಗೆ ಮತ ಹಾಕಿದೆವು, ಅಭ್ಯರ್ಥಿಯಾದವರು ಹ್ಯಾರಿಸ್. ಹಾಗಾದರೆ ಪ್ರೈಮರಿ ಯಾಕೆ?

ಪ್ರೈಮರಿಯಲ್ಲಿ ನೀವು ಆರಿಸಿದ್ದು ಡೆಲಿಗೇಟ್‌ಗಳನ್ನು. ಬೈಡನ್ ಜುಲೈ 21ರಂದು ಹಿಂದೆ ಸರಿದಾಗ ಅವರ ಡೆಲಿಗೇಟ್‌ಗಳು ಸ್ವತಂತ್ರರಾದರು. ಹೊಸ ಅಭ್ಯರ್ಥಿಯಾಗಲು 300 ಡೆಲಿಗೇಟ್‌ಗಳ ಸಹಿ ಬೇಕಿತ್ತು, ಒಂದೇ ರಾಜ್ಯದಿಂದ 50ಕ್ಕಿಂತ ಹೆಚ್ಚು ಸಲ್ಲದು. ಅಷ್ಟು ಸಹಿ ತಂದವರು ಹ್ಯಾರಿಸ್ ಒಬ್ಬರೇ. ಆಗಸ್ಟ್ ಮೊದಲ ವಾರ ಆನ್‌ಲೈನ್ ಮತದಾನದಲ್ಲಿ ಅದು ಗಟ್ಟಿಯಾಯಿತು. ಬೇಸರ ನ್ಯಾಯವೇ, ಆದರೆ ನಿಯಮ ಮುರಿದಿಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ ಅಭ್ಯರ್ಥಿಯಾಗಿದ್ದರು. ಆ ಸಿಟ್ಟಿನಿಂದಲೇ 1972ರ ಹೊತ್ತಿಗೆ ಈಗಿನ ಪದ್ಧತಿ ಹುಟ್ಟಿದ್ದು.

ಡೆಲಿಗೇಟ್ ಆಗುವವರು ಯಾರೋ ದೇವಮಾನವರಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಕ್ಷೇತ್ರದ ಸಭೆಗೆ ಅರ್ಜಿ ಹಾಕಿ, ಒಂದೆರಡು ನಿಮಿಷ ಮಾತಾಡಿ, ನೂರಿನ್ನೂರು ಜನರ ಮತ ಪಡೆದರೆ ಸಾಕು. ಸಮಾವೇಶದ ಪ್ರಯಾಣ, ಹೋಟೆಲ್ ಖರ್ಚು ಸಾಮಾನ್ಯವಾಗಿ ನಿಮ್ಮದೇ. ಅಭ್ಯರ್ಥಿ ಸರಿಯುವ ಸಾಧ್ಯತೆ ಇರುವ ವರ್ಷ ಆ ಸಭೆಗೆ ಹೋಗುವುದು ಪ್ರೈಮರಿಯ ಮತಕ್ಕಿಂತ ತೂಕದ್ದು.

ಪ್ರಶ್ನೆ: ದಿನಕ್ಕೆ ಹತ್ತು ಮೆಸೇಜು, ನಾಲ್ಕು ಕರೆ. ನನ್ನ ನಂಬರ್ ಇವರಿಗೆ ಕೊಟ್ಟವರು ಯಾರು? ನಿಲ್ಲಿಸುವುದು ಹೇಗೆ?

ಬಹುಶಃ ನೀವೇ. ಮತದಾರರ ನೋಂದಣಿ ಅರ್ಜಿಯಲ್ಲಿ ಫೋನ್ ನಂಬರ್ ಬಹುತೇಕ ಕಡೆ ಕಡ್ಡಾಯವಲ್ಲ, ಆದರೂ ಎಲ್ಲರೂ ತುಂಬುತ್ತಾರೆ. ಆ ಪಟ್ಟಿಯನ್ನು ಪ್ರಚಾರ ತಂಡಗಳು ಪಡೆಯುತ್ತವೆ. ನೀವು ಯಾವ ಯಾವ ಚುನಾವಣೆಯಲ್ಲಿ ಮತ ಹಾಕಿದ್ದೀರಿ ಎಂಬುದೂ ಅದರಲ್ಲಿರುತ್ತದೆ, ಯಾರಿಗೆ ಎಂಬುದು ಇರುವುದಿಲ್ಲ. ಒಮ್ಮೆ ಐದು ಡಾಲರ್ ಕೊಟ್ಟಿದ್ದರಂತೂ ನಿಮ್ಮ ನಂಬರು ಕೈಯಿಂದ ಕೈಗೆ ದಾಟುತ್ತಿರುತ್ತದೆ. ದೇಣಿಗೆ ಕೊಡುವಾಗ ‘ಪ್ರತಿ ತಿಂಗಳೂ’ ಎಂಬ ಚೌಕದಲ್ಲಿ ಮೊದಲೇ ಗುರುತು ಬಿದ್ದಿದೆಯೇ ಎಂದೂ ನೋಡಿ.

‘ಡು ನಾಟ್ ಕಾಲ್’ ಪಟ್ಟಿ ರಾಜಕೀಯ ಕರೆಗಳನ್ನು ತಡೆಯುವುದಿಲ್ಲ. ಮೆಸೇಜಿಗೆ ‘ಸ್ಟಾಪ್’ ಎಂದು ಮಾತ್ರ ಉತ್ತರಿಸಿ. ಬೈದು ಬರೆದರೆ ಅದನ್ನು ಓದುವವರು ಯಾರೋ ಸ್ವಯಂಸೇವಕ ಹುಡುಗರು, ನಂಬರ್ ಪಟ್ಟಿಯಲ್ಲೇ ಉಳಿಯುತ್ತದೆ. ಬಾಗಿಲಿಗೆ ಬಂದವರು ‘ಯಾರ ಕಡೆ?’ ಎಂದಾಗ ‘ಇನ್ನೂ ತೀರ್ಮಾನಿಸಿಲ್ಲ’ ಎಂದು ಸೌಜನ್ಯಕ್ಕೆ ಹೇಳಿದಿರೋ, ಕೆಟ್ಟಿರಿ. ತೀರ್ಮಾನಿಸದವರಿಗೇ ಎಲ್ಲರ ಕರೆ.

ಹೆಚ್ಚು ಫಲ ಕೊಡುವ ಉಪಾಯ ಬೇಗ ಮತ ಹಾಕುವುದು. ಯಾರ ಮತಪತ್ರ ತಲುಪಿದೆ ಎಂಬ ಪಟ್ಟಿ ಹಲವು ರಾಜ್ಯಗಳಲ್ಲಿ ಪ್ರಚಾರ ತಂಡಗಳಿಗೆ ದಿನದಿನವೂ ಸಿಗುತ್ತದೆ. ಹಾಕಿಯಾದವರ ಹಿಂದೆ ದುಡ್ಡು ಸುರಿಯುವುದು ದಂಡವೆಂದು ಹೆಸರನ್ನು ಹೊಡೆದು ಹಾಕುತ್ತಾರೆ, ಕೆಲವೇ ದಿನಗಳಲ್ಲಿ ಫೋನು ತಣ್ಣಗಾಗುತ್ತದೆ. ಮೊದಲ ಪ್ರಶ್ನೆಗೆ ‘ತಡೆದು ಹಾಕಿ’ ಎಂದಿದ್ದೆವು, ನಿಜ. ಅಭ್ಯರ್ಥಿ ಕೈಕೊಡಬಾರದೆಂದರೆ ಕರೆ ಸಹಿಸಿ, ಕರೆ ನಿಲ್ಲಬೇಕೆಂದರೆ ಅಭ್ಯರ್ಥಿಯನ್ನು ನಂಬಿ.